ಬರೆಯದೆ ಬಿಟ್ಟ ಎಲ್ಸ್: 2008ರ ಡಿಸೆಂಬರ್ 31ರಂದು ಝೂನ್ ನಿಂತುಹೋದ ಪ್ರಕರಣ

2008ರ ಡಿಸೆಂಬರ್ 31, ಬುಧವಾರ. ಮೈಕ್ರೋಸಾಫ್ಟ್‌ನ ಝೂನ್ 30 ಎಂಬ ಮ್ಯೂಸಿಕ್ ಪ್ಲೇಯರ್ ಇಟ್ಟುಕೊಂಡಿದ್ದ ಅಮೆರಿಕದ ಜನ ಅವತ್ತು ಅದನ್ನು ಆನ್ ಮಾಡಿದರು. ಪರದೆಯ ಮೇಲೆ ಲೋಗೋ ಬಂತು, ಲೋಡ್ ಆಗುವ ಪಟ್ಟಿ ಬಂತು, ಅಷ್ಟೇ. ಅಲ್ಲಿಂದ ಮುಂದೆ ಹೋಗಲಿಲ್ಲ. ಗುಂಡಿ ಒತ್ತಿದರೂ ಇಲ್ಲ, ರೀಸೆಟ್ ಮಾಡಿದರೂ ಇಲ್ಲ. ಒಬ್ಬಿಬ್ಬರ ಪ್ಲೇಯರ್ ಕೆಟ್ಟಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಒಂದೇ ಮಾದರಿಯ ಪ್ಲೇಯರ್‌ಗಳು ಒಂದೇ ದಿನ ಊರೂರುಗಳಲ್ಲಿ ಒಟ್ಟಿಗೇ ನಿಂತಿದ್ದವು.

ಹಾರ್ಡ್ ಡಿಸ್ಕ್ ಕೆಟ್ಟಿರಲಿಲ್ಲ. ವೈರಸ್ ಬಂದಿರಲಿಲ್ಲ. ಗಡಿಯಾರದ ಡ್ರೈವರ್‌ನಲ್ಲಿ, ಅಂದರೆ ಗಡಿಯಾರದ ಚಿಪ್ ಅನ್ನು ಓದುವ ಪುಟ್ಟ ಪ್ರೋಗ್ರಾಂನಲ್ಲಿ, ಒಂದು ಇಫ್ ಇತ್ತು. ಅದಕ್ಕೆ ಎಲ್ಸ್ ಇರಲಿಲ್ಲ.

ಇಫ್–ಎಲ್ಸ್ ಕಲಿಸುವಾಗ ನಾವೆಲ್ಲ ಮೊದಲು ಹೇಳುವುದು ಪಾಸ್–ಫೇಲ್ ಉದಾಹರಣೆ. 35 ಅಥವಾ ಜಾಸ್ತಿ ಬಂದರೆ ಪಾಸ್, ಇಲ್ಲದಿದ್ದರೆ ಫೇಲ್. ಅದು ಎಲ್ಲರಿಗೂ ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ಅಲ್ಲಿಗೆ ವಿಷಯ ಮುಗಿಯಿತು ಅಂತ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ನನಗೆ ಇದು ಸರಿ ಕಾಣುವುದಿಲ್ಲ. ಕಂಡೀಶನ್ ಬರೆಯುವುದರಲ್ಲಿ ಕಷ್ಟ ಇರುವುದು ಎರಡು ಕಂಡೀಶನ್‌ಗಳು ಒಂದರೊಳಗೊಂದು ಕೂತಾಗ, ಅವುಗಳ ಸುತ್ತ ಒಂದು ಲೂಪ್ (ಮತ್ತೆ ಮತ್ತೆ ಓಡುವ ಸಾಲುಗಳು) ಬಂದಾಗ. ಅದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಲು ಝೂನ್ ಪ್ರಕರಣಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಕೋಡ್ ಹತ್ತು ಹನ್ನೆರಡು ಸಾಲು. ಲೆಕ್ಕ ಬರೀ ಕೂಡುವುದು, ಕಳೆಯುವುದು. ಪೆನ್ನು, ಕಾಗದ ಇದ್ದರೆ ಸಾಕು.

ಸಾಧನ ಯಾವುದು, ಕೋಡ್ ಯಾರದು

ಝೂನ್ 30 ಮಾರುಕಟ್ಟೆಗೆ ಬಂದದ್ದು 2006ರ ನವೆಂಬರ್‌ನಲ್ಲಿ. ಆಪಲ್‌ನ ಐಪಾಡ್‌ಗೆ ಪೈಪೋಟಿ ಕೊಡಲು ಮೈಕ್ರೋಸಾಫ್ಟ್ ತಂದ ಮೊದಲ ಪ್ಲೇಯರ್ ಅದು. ಒಳಗೆ 30 ಜಿಬಿಯ ಪುಟ್ಟ ಹಾರ್ಡ್ ಡಿಸ್ಕ್. ತಯಾರಿಸಿ ಕೊಟ್ಟದ್ದು ತೋಷಿಬಾ, ತನ್ನ ಗಿಗಾಬೀಟ್ ಎಸ್ ಪ್ಲೇಯರ್ ಅನ್ನೇ ಆಧಾರವಾಗಿ ಇಟ್ಟುಕೊಂಡು. ಒಳಗಿದ್ದ ಪ್ರೊಸೆಸರ್ ಫ್ರೀಸ್ಕೇಲ್ ಕಂಪನಿಯದು. ವಿದ್ಯುತ್ ಮತ್ತು ಗಡಿಯಾರ ನೋಡಿಕೊಳ್ಳುವ ಎಂಸಿ13783 ಎಂಬ ಚಿಪ್ ಕೂಡ ಅವರದ್ದೇ. ಆ ಗಡಿಯಾರವನ್ನು ಓದುವ ಡ್ರೈವರ್ ಬರೆದದ್ದೂ ಅವರೇ.

ಅಂದರೆ ಹೊರಗಿನ ಹೆಸರು ಮೈಕ್ರೋಸಾಫ್ಟ್, ಕಟ್ಟಿದ್ದು ತೋಷಿಬಾ, ತಪ್ಪಿದ್ದ ಸಾಲುಗಳು ಫ್ರೀಸ್ಕೇಲ್‌ನವು. ಅದೇ ಡ್ರೈವರ್ ಇದ್ದ ಗಿಗಾಬೀಟ್ ಎಸ್ ಕೂಡ ಅವತ್ತೇ ನಿಂತಿತು. ಆಮೇಲೆ ಬಂದ 4, 8, 80, 120 ಜಿಬಿಯ ಝೂನ್‌ಗಳಿಗೆ ಏನೂ ಆಗಲಿಲ್ಲ.

ಮೈಕ್ರೋಸಾಫ್ಟ್ ಅದೇ ದಿನ ಕಾರಣ ಹೇಳಿತು: ಗಡಿಯಾರದ ಡ್ರೈವರ್ ಅಧಿಕ ವರ್ಷವನ್ನು ನೋಡಿಕೊಳ್ಳುವ ರೀತಿಯಲ್ಲಿ ತಪ್ಪಿದೆ. ಪರಿಹಾರವಾಗಿ ಹೇಳಿದ್ದು ಸ್ವಲ್ಪ ವಿಚಿತ್ರವಾಗಿ ಕೇಳಿಸುತ್ತದೆ. ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಿ. ಜನವರಿ 1ರಂದು ಗ್ರೀನಿಚ್ ಸಮಯ ಮಧ್ಯಾಹ್ನ 12 ಗಂಟೆ, ಅಂದರೆ ನಮ್ಮ ಸಂಜೆ ಐದೂವರೆ, ದಾಟಿದ ಮೇಲೆ ಚಾರ್ಜ್‌ಗೆ ಹಾಕಿ. ಸರಿಹೋಗುತ್ತದೆ. ಹೊಸ ಸಾಫ್ಟ್‌ವೇರ್ ಹಾಕುವ ಮಾತೇ ಇಲ್ಲ. ಸುಮ್ನೆ ಒಂದು ದಿನ ಕಾಯಿರಿ ಅಷ್ಟೇ. ಮತ್ತೆ ಹಾಗೇ ಆಯಿತು. ಮರುದಿನ ಪ್ಲೇಯರ್‌ಗಳು ಎದ್ದು ಕೂತವು, ಹಾಡುಗಳೆಲ್ಲ ಇದ್ದ ಹಾಗೇ ಇದ್ದವು.

ಡ್ರೈವರ್‌ನ ಕೋಡ್ ಹೊರಗೆ ಸಿಗುತ್ತಿತ್ತು. ಹಾಗಾಗಿ ಪ್ರೋಗ್ರಾಂ ಬರೆಯುವವರು ಬೇಗನೇ ಆ ಸಾಲುಗಳನ್ನು ಹುಡುಕಿ ಎಲ್ಲರ ಮುಂದಿಟ್ಟರು. ಅದಕ್ಕೇ ಇವತ್ತು ನಾವು ಊಹೆ ಮಾಡದೆ ಕೋಡನ್ನೇ ಓದಬಹುದು.

ಗಡಿಯಾರ ಕೊಡುವುದು ಬರೀ ಅಂಕಿ

ಇಂಥ ಚಿಪ್‌ಗೆ ತಿಂಗಳು, ವರ್ಷ ಯಾವುದೂ ಗೊತ್ತಿಲ್ಲ. ಅದು ಇಡುವುದು ಎರಡೇ ಲೆಕ್ಕ. ಎಷ್ಟು ದಿನ ಆಯಿತು, ಇವತ್ತು ಎಷ್ಟು ಸೆಕೆಂಡ್ ಆಯಿತು. ದಿನದ ಲೆಕ್ಕವನ್ನು ಈ ಡ್ರೈವರ್ 1980ರ ಜನವರಿ 1ರಿಂದ ಹಿಡಿಯುತ್ತದೆ. ಆ ದಿನಕ್ಕೆ 1 ಎಂದು ಇಟ್ಟುಕೊಂಡರೆ ಮರುದಿನ 2, 1980ರ ಡಿಸೆಂಬರ್ 31ಕ್ಕೆ 366. ಹೀಗೇ ಬೆಳೆಯುತ್ತಾ ಹೋಗುತ್ತದೆ.

ಈ ಉದ್ದದ ಅಂಕಿಯನ್ನು ನಾವು ಓದುವ ತಾರೀಖಾಗಿ ಬದಲಿಸುವುದು ಡ್ರೈವರ್‌ನ ಕೆಲಸ. ಪ್ಲೇಯರ್ ಆನ್ ಆಗುವಾಗಲೇ ಇದು ನಡೆಯಬೇಕು. ಮೊದಲು ವರ್ಷ ಕಂಡುಹಿಡಿಯಬೇಕು. ಅದಕ್ಕೆ ಸುಲಭ ದಾರಿ: 1980ರಿಂದ ಶುರು ಮಾಡಿ ಒಂದೊಂದು ವರ್ಷದ ದಿನಗಳನ್ನು ಕಳೆಯುತ್ತಾ ಬರುವುದು. ಒಂದು ವರ್ಷಕ್ಕಿಂತ ಜಾಸ್ತಿ ದಿನ ಉಳಿದಿಲ್ಲ ಅಂದರೆ ನಿಲ್ಲುವುದು. ಉಳಿದದ್ದು ಆ ವರ್ಷದ ಎಷ್ಟನೇ ದಿನ ಎಂಬ ಅಂಕಿ. ಆಮೇಲೆ ಜನವರಿಗೆ 31, ಫೆಬ್ರವರಿಗೆ 28 ಅಥವಾ 29 ಎಂದು ಹಾಗೇ ಕಳೆದರೆ ತಿಂಗಳು, ತಾರೀಖು ಸಿಗುತ್ತದೆ.

ಕೋಡ್ ಸಿ ಭಾಷೆಯಲ್ಲಿತ್ತು. ವರ್ಷ ಹುಡುಕುವ ಭಾಗವನ್ನು ಕನ್ನಡದ ಹೆಸರುಗಳಲ್ಲಿ ಬರೆದರೆ ಹೀಗಿರುತ್ತದೆ. ವೈಲ್ ಎಂದರೆ ಪಕ್ಕದ ಕಂಡೀಶನ್ ನಿಜ ಇರುವವರೆಗೆ ಒಳಗಿನ ಸಾಲುಗಳನ್ನು ಮತ್ತೆ ಮತ್ತೆ ಓಡಿಸು ಎಂದು. ರಚನೆಯನ್ನು ಸ್ವಲ್ಪವೂ ಬದಲಿಸಿಲ್ಲ:

    ವರ್ಷ = 1980

    ವೈಲ್ (ದಿನ > 365)
    {
        ಇಫ್ (ಅಧಿಕವರ್ಷವೇ(ವರ್ಷ))
        {
            ಇಫ್ (ದಿನ > 366)
            {
                ದಿನ = ದಿನ - 366
                ವರ್ಷ = ವರ್ಷ + 1
            }
        }
        ಎಲ್ಸ್
        {
            ದಿನ = ದಿನ - 365
            ವರ್ಷ = ವರ್ಷ + 1
        }
    }

ಮೊದಲ ಸಲ ಓದಿದಾಗ ತಪ್ಪು ಕಾಣುವುದಿಲ್ಲ. ಬರೆದವರು ಅಧಿಕ ವರ್ಷವನ್ನು ಮರೆತಿಲ್ಲ, ಅದಕ್ಕಾಗಿ ಬೇರೆ ಕವಲೇ ಮಾಡಿದ್ದಾರೆ. 366 ಎಂಬ ಅಂಕಿಯೂ ಇದೆ. ಒಳಗಿನ ಇಫ್ ಕೂಡ ಯೋಚಿಸಿಯೇ ಹಾಕಿದ್ದು. ಅಧಿಕ ವರ್ಷದಲ್ಲಿ 366ನೇ ದಿನ ಎನ್ನುವುದು ಇನ್ನೂ ಅದೇ ವರ್ಷದ ದಿನ. ಅದನ್ನು ಕಳೆಯಬಾರದು. ಅದಕ್ಕೇ 366ಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಕಳೆ ಅಂತ ಬರೆದಿದ್ದಾರೆ. ಯೋಚನೆ ಪೂರ್ತಿ ಸರಿ. ಕಳೆಯಬಾರದು ಎಂದು ಗೊತ್ತಾದ ಮೇಲೆ ಏನು ಮಾಡಬೇಕು ಎಂಬುದು ಮಾತ್ರ ಬರೆದಿಲ್ಲ.

ಮೂರು ದಿನಗಳನ್ನು ಕೈಯಲ್ಲಿ ಲೆಕ್ಕ ಹಾಕಿ ನೋಡೋಣ

1980ರಿಂದ 2007ರ ಕೊನೆಯವರೆಗೆ 28 ವರ್ಷ. ಅದರಲ್ಲಿ 1980, 84, 88, 92, 96, 2000, 2004, ಈ ಏಳು ಅಧಿಕ ವರ್ಷಗಳು. 28 ಗುಣಿಸು 365, ಕೂಡು 7, ಒಟ್ಟು 10,227 ದಿನ.

ಮೊದಲು 2008ರ ಡಿಸೆಂಬರ್ 30. ದಿನದ ಅಂಕಿ 10,592. ಲೂಪ್ 28 ಸುತ್ತು ತಿರುಗಿ 10,227 ದಿನ ಕಳೆದಿರುತ್ತದೆ. ವರ್ಷ 2008, ಉಳಿದ ದಿನ 365. ವೈಲ್ ಕೇಳುತ್ತದೆ: 365 ಎನ್ನುವುದು 365ಕ್ಕಿಂತ ಜಾಸ್ತಿಯೇ? ಇಲ್ಲ. ಲೂಪ್ ಮುಗಿಯಿತು. 2008ರ 365ನೇ ದಿನ, ಡಿಸೆಂಬರ್ 30. ಸರಿ ಉತ್ತರ.

ಈಗ ಡಿಸೆಂಬರ್ 31. ಅಂಕಿ 10,593. ಮತ್ತೆ 28 ಸುತ್ತು. ವರ್ಷ 2008, ಉಳಿದ ದಿನ 366. ವೈಲ್ ಕೇಳುತ್ತದೆ: 366 ಎನ್ನುವುದು 365ಕ್ಕಿಂತ ಜಾಸ್ತಿಯೇ? ಹೌದು, ಒಳಗೆ ಬಾ. 2008 ಅಧಿಕ ವರ್ಷವೇ? ಹೌದು. 366 ಎನ್ನುವುದು 366ಕ್ಕಿಂತ ಜಾಸ್ತಿಯೇ? ಇಲ್ಲ. ಇಲ್ಲ ಎಂದರೆ ಮಾಡಲು ಏನೂ ಬರೆದಿಲ್ಲ. ಹೊರಗಿನ ಎಲ್ಸ್ ಅಧಿಕ ವರ್ಷ ಅಲ್ಲದವಕ್ಕೆ ಸೇರಿದ್ದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಾಗಾಗಿ ಲೂಪ್‌ನ ತುದಿಗೆ ಬಂದು ಮತ್ತೆ ಮೇಲಕ್ಕೆ ಹೋಗುತ್ತದೆ. ದಿನ ಈಗಲೂ 366. ವರ್ಷ ಈಗಲೂ 2008. ಅದೇ ಪ್ರಶ್ನೆ, ಅದೇ ಉತ್ತರ. ಗಾಣದೆತ್ತಿನ ಹಾಗೆ ಪ್ರೊಸೆಸರ್ ಅಲ್ಲೇ ಸುತ್ತುತ್ತಿರುತ್ತದೆ. ತಾರೀಖು ಸಿಗುವವರೆಗೆ ಪ್ಲೇಯರ್‌ನ ಉಳಿದ ಕೆಲಸ ಶುರುವಾಗುವುದಿಲ್ಲ. ಪರದೆಯ ಮೇಲೆ ಲೋಗೋ ಹಾಗೇ ಇರುತ್ತದೆ.

ಜನವರಿ 1. ಅಂಕಿ 10,594. 28 ಸುತ್ತಿನ ನಂತರ ಉಳಿದದ್ದು 367. ಒಳಗೆ ಬಂದಿತು, ಅಧಿಕ ವರ್ಷ ಹೌದು, 367 ಎನ್ನುವುದು 366ಕ್ಕಿಂತ ಜಾಸ್ತಿ, ಹೌದು. ಕಳೆದರೆ 1. ವರ್ಷ 2009. ಲೂಪ್‌ನಿಂದ ಹೊರಗೆ. 2009ರ ಜನವರಿ 1. ಎಲ್ಲ ಸರಿ.

ಹಿಂದಿನ ದಿನ ಸರಿ, ಮುಂದಿನ ದಿನವೂ ಸರಿ. ನಡುವಿನ ಒಂದೇ ದಿನ ತಪ್ಪು.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಗಡಿಯಾರದ ಚಿಪ್ ಬೇರೆ, ಲೂಪ್ ಓಡಿಸುವ ಪ್ರೊಸೆಸರ್ ಬೇರೆ. ಪ್ರೊಸೆಸರ್ ಸುತ್ತುತ್ತಿದ್ದಾಗಲೂ ಗಡಿಯಾರ ನಡೆಯುತ್ತಲೇ ಇತ್ತು. ಹಾಗಾದರೆ ಮಧ್ಯರಾತ್ರಿ ದಾಟಿದ ತಕ್ಷಣ ತಾನೇ ಬಿಡುಗಡೆ ಆಗಬೇಕಿತ್ತಲ್ವಾ? ಆಗುವುದಿಲ್ಲ. ವರ್ಷ ಹುಡುಕುವ ಆ ಫಂಕ್ಷನ್‌ಗೆ (ಒಂದು ಕೆಲಸಕ್ಕಾಗಿ ಬರೆದ ಕೋಡ್‌ನ ತುಂಡು) ಕೊಟ್ಟದ್ದು ದಿನದ ಅಂಕಿಯ ಒಂದು ಪ್ರತಿ. ಲೂಪ್ ನೋಡುತ್ತಿರುವುದು ತನ್ನ ಕೈಯಲ್ಲಿರುವ 366 ಅನ್ನು. ಚಿಪ್‌ನಲ್ಲಿ 10,594 ಆದದ್ದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಹೊಸ ಅಂಕಿ ಓದಬೇಕಾದರೆ ಪ್ರೋಗ್ರಾಂ ಮೊದಲಿನಿಂದ ಶುರುವಾಗಬೇಕು. ಅದಕ್ಕೇ ಬ್ಯಾಟರಿ ಖಾಲಿ ಮಾಡಿ ಎಂದದ್ದು. ಡಿಸೆಂಬರ್ 31ರಂದೇ ಆಫ್ ಮಾಡಿ ಆನ್ ಮಾಡಿದರೆ ಅದೇ 10,593 ಸಿಗುತ್ತದೆ, ಮತ್ತೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡೂ ಬೇಕಿತ್ತು: ದಿನವೂ ಬದಲಾಗಬೇಕು, ಪ್ಲೇಯರೂ ಹೊಸದಾಗಿ ಶುರುವಾಗಬೇಕು. ಮೈಕ್ರೋಸಾಫ್ಟ್ ಹೇಳಿದ ವಿಚಿತ್ರ ಪರಿಹಾರದ ಎರಡೂ ಭಾಗಗಳಿಗೆ ಕಾರಣ ಈ ಹತ್ತು ಸಾಲಿನಲ್ಲೇ ಇದೆ.

ಖಾಲಿ ಬಿಟ್ಟ ದಾರಿ ಎಲ್ಲಿಗೆ ಹೋಗುತ್ತದೆ

ಲೂಪ್‌ನ ಒಳಗೆ ಬಂದಾಗ ಎರಡು ಸಂಗತಿ ತಿಳಿದಿರುತ್ತದೆ. ವರ್ಷ ಅಧಿಕವೋ ಅಲ್ಲವೋ ಎಂಬುದು ಒಂದು. ದಿನ 366 ಅಥವಾ ಅದಕ್ಕಿಂತ ಜಾಸ್ತಿ ಎಂಬುದು ಇನ್ನೊಂದು, ಯಾಕೆಂದರೆ 365 ಅಥವಾ ಕಡಿಮೆ ಇದ್ದರೆ ವೈಲ್ ಒಳಗೆ ಬಿಡುವುದೇ ಇಲ್ಲ. ಹಾಗಾಗಿ ಆಗಬಹುದಾದದ್ದು ನಾಲ್ಕೇ.

ಸಾಮಾನ್ಯ ವರ್ಷ, 366ಕ್ಕಿಂತ ಜಾಸ್ತಿ ದಿನ: 365 ಕಳೆಯುತ್ತೇವೆ, ಸರಿ. ಸಾಮಾನ್ಯ ವರ್ಷ, ಸರಿಯಾಗಿ 366 ದಿನ: 365 ಕಳೆದರೆ 1, ಮುಂದಿನ ವರ್ಷದ ಜನವರಿ 1, ಅದೂ ಸರಿ. ಅಧಿಕ ವರ್ಷ, 366ಕ್ಕಿಂತ ಜಾಸ್ತಿ: 366 ಕಳೆಯುತ್ತೇವೆ, ಸರಿ. ಅಧಿಕ ವರ್ಷ, ಸರಿಯಾಗಿ 366: ಏನೂ ಬರೆದಿಲ್ಲ.

ಒಳಗಿನ ಇಫ್‌ಗೆ ಇಲ್ಲ ಎಂಬ ಉತ್ತರ ಸಿಗುವುದು ದಿನ ಸರಿಯಾಗಿ 366 ಇದ್ದಾಗ ಮಾತ್ರ. ಅದಕ್ಕಿಂತ ಕಡಿಮೆ ಇರಲು ಸಾಧ್ಯವಿಲ್ಲ, ವೈಲ್ ಆಗಲೇ ತಡೆದಿದೆ. ಅಂದರೆ ಆ ಖಾಲಿ ದಾರಿ ಒಂದೇ ಒಂದು ಅಂಕಿಗಾಗಿ ಇದೆ. ಆ ಅಂಕಿ ಬಂದ ಪ್ರತಿ ಸಲವೂ ಲೂಪ್ ಕೊನೆಯಾಗುವುದಿಲ್ಲ. ಕೆಲವು ಸಲ ತಪ್ಪಾಗುತ್ತದೆ, ಕೆಲವು ಸಲ ಸರಿ ಬರುತ್ತದೆ ಎಂಬ ಬಗ್ ಇದಲ್ಲ. ಆ ದಾರಿ ಹಿಡಿದ ಯಾವ ಪ್ಲೇಯರೂ ಹೊರಗೆ ಬರುವುದಿಲ್ಲ.

ಇಫ್‌ಗೆ ಎಲ್ಸ್ ಬರೆಯದಿದ್ದರೆ ಆ ದಾರಿ ಇಲ್ಲ ಎಂದು ನಮಗೆ ಅನ್ನಿಸುತ್ತದೆ. ಕಂಪ್ಯೂಟರ್‌ಗೆ ಅದು ಇದ್ದೇ ಇದೆ. ಏನೂ ಮಾಡದೆ ಮುಂದಕ್ಕೆ ಹೋಗು ಎಂಬುದು ಕೂಡ ಒಂದು ಆದೇಶ. ಲೂಪ್ ಇಲ್ಲದ ಕಡೆ ಏನೂ ಮಾಡದೆ ಮುಂದೆ ಹೋದರೆ ಎಷ್ಟೋ ಸಲ ನಡೆಯುತ್ತದೆ. ವೈಲ್ ಒಳಗೆ ಹಾಗಲ್ಲ. ಅಲ್ಲಿ ಮುಂದಕ್ಕೆ ಹೋಗುವುದು ಎಂದರೆ ಮತ್ತೆ ಮೇಲಕ್ಕೆ ಹೋಗುವುದು. ವೈಲ್ ನೋಡುವ ಅಂಕಿ ಅಷ್ಟರಲ್ಲಿ ಬದಲಾಗಿರಲೇಬೇಕು. ಹಾಗಾಗಿ ವೈಲ್ ಒಳಗೆ ಇಫ್ ಕಂಡರೆ ನಾನು ಮೊದಲು ಕೇಳುವುದು ಇದನ್ನೇ: ಕಂಡೀಶನ್ ಸುಳ್ಳಾದ ದಾರಿಯಲ್ಲಿ ವೈಲ್ ಕಾಯುತ್ತಿರುವ ಅಂಕಿ ಬದಲಾಗುತ್ತದಾ?

ಇದಕ್ಕೂ ಕೆಳಗೆ ಇನ್ನೊಂದು ತಪ್ಪಿದೆ. ನನ್ನ ಲೆಕ್ಕದಲ್ಲಿ ಅದೇ ಮೂಲ. ಈ ವರ್ಷದಲ್ಲಿ ಎಷ್ಟು ದಿನ ಎಂಬ ಪ್ರಶ್ನೆಗೆ ಈ ಕೋಡ್ ಎರಡು ಕಡೆ ಉತ್ತರ ಕೊಡುತ್ತದೆ. ವೈಲ್ ಹೇಳುತ್ತದೆ 365. ಒಳಗಿನ ಇಫ್ ಹೇಳುತ್ತದೆ 366. ಎರಡೂ ಒಪ್ಪದ ಒಂದು ಅಂಕಿ ಇದ್ದೇ ಇರುತ್ತದೆ. ವೈಲ್ ಇನ್ನೂ ಮುಗಿದಿಲ್ಲ ಎನ್ನುತ್ತದೆ, ಇಫ್ ಕಳೆಯಲು ಏನಿಲ್ಲ ಎನ್ನುತ್ತದೆ. ಕಾಣೆಯಾದ ಎಲ್ಸ್ ಹುಟ್ಟಿದ್ದು ಈ ಜಗಳದಲ್ಲಿ.

ಕುತೂಹಲದ ಸಂಗತಿ ಎಂದರೆ, ಅಧಿಕ ವರ್ಷವೋ ಅಲ್ಲವೋ ಎಂದು ನೋಡುವ ಫಂಕ್ಷನ್ ಅದೇ ಫೈಲ್‌ನಲ್ಲಿತ್ತು ಮತ್ತು ಪೂರ್ತಿ ಸರಿಯಿತ್ತು. 4ರಿಂದ ಭಾಗವಾದರೆ ಅಧಿಕ, 100ರಿಂದ ಭಾಗವಾದರೆ ಅಲ್ಲ, 400ರಿಂದ ಭಾಗವಾದರೆ ಮತ್ತೆ ಅಧಿಕ. ಅಧಿಕ ವರ್ಷದ ಬಗ್ ಎಂದಾಗ ಎಲ್ಲರೂ ಮೊದಲು ನೋಡುವುದು ಅಲ್ಲಿಗೇ. ಆ ಫಂಕ್ಷನ್ ಬರೆದ ರೀತಿ ನೋಡಿ: ಮೊದಲ ಸಾಲಲ್ಲೇ ಉತ್ತರ ಸೊನ್ನೆ, ಅಂದರೆ ಅಧಿಕ ಅಲ್ಲ, ಎಂದು ಇಟ್ಟುಕೊಳ್ಳುತ್ತದೆ. ಆಮೇಲೆ ಇಫ್‌ಗಳು. ಯಾವ ಇಫ್ ಸುಳ್ಳಾದರೂ ಕೈಯಲ್ಲಿ ಒಂದು ಉತ್ತರ ಇದ್ದೇ ಇರುತ್ತದೆ. ಅಲ್ಲೂ ಕೆಲವು ಇಫ್‌ಗಳಿಗೆ ಎಲ್ಸ್ ಇಲ್ಲ. ಆದರೂ ತೊಂದರೆ ಇಲ್ಲ, ಯಾಕೆಂದರೆ ಖಾಲಿ ದಾರಿಯಲ್ಲಿ ಏನಾಗಬೇಕು ಎಂದು ಮೊದಲೇ ನಿರ್ಧಾರ ಆಗಿದೆ. ಎಲ್ಲ ಇಫ್‌ಗೂ ಎಲ್ಸ್ ಬರೆಯಿರಿ ಎಂದು ಕಣ್ಣುಮುಚ್ಚಿ ನಿಯಮ ಮಾಡುವವರಿಗೆ ನಾನು ಈ ಫಂಕ್ಷನ್ ತೋರಿಸುತ್ತೇನೆ.

ಸರಿಪಡಿಸುವುದು ಹೇಗೆ

ಈ ಕೋಡ್ ಅನ್ನು ತರಗತಿಯಲ್ಲಿ ಕೊಟ್ಟರೆ ಒಂದು ಮಾತು ಖಂಡಿತ ಬರುತ್ತದೆ.

"ಮೇಡಂ, ಒಳಗಿನ ಇಫ್‌ನಲ್ಲಿ > ತೆಗೆದು >= ಹಾಕಿದ್ರೆ ಆಯ್ತಲ್ವಾ?"

"ಹಾಕಿ ಓಡಿಸಿ ನೋಡಪ್ಪ."

ಈಗ ಕಂಡೀಶನ್ 366 ಅಥವಾ ಜಾಸ್ತಿ ಎಂದಾಯಿತು. ಓಡಿಸಿದರೆ ಹ್ಯಾಂಗ್ ಆಗುವುದಿಲ್ಲ. ಹುಡುಗರ ಮುಖ ಅರಳುತ್ತದೆ. ಆಮೇಲೆ ಉತ್ತರ ನೋಡುತ್ತಾರೆ: 2009ರ ಜನವರಿ 0. ದಿನ 366 ಇದ್ದದ್ದು 366 ಕಳೆದು ಸೊನ್ನೆಯಾಗಿದೆ, ವರ್ಷ ಒಂದು ಮುಂದೆ ಹೋಗಿದೆ. ತಿಂಗಳು ಹುಡುಕುವ ಲೂಪ್ ಸೊನ್ನೆಯನ್ನು ನೋಡಿ 31ಕ್ಕಿಂತ ಕಡಿಮೆ, ಹಾಗಾದರೆ ಜನವರಿ ಎನ್ನುತ್ತದೆ. ಮೊದಲಿನ ಬಗ್ ನಿಂತು ಕೂಗುತ್ತಿತ್ತು, ಎಲ್ಲರಿಗೂ ಗೊತ್ತಾಯಿತು. ಇದು ಸುಮ್ನೆ ತಪ್ಪು ತಾರೀಖು ಕೊಟ್ಟು ಮುಂದೆ ಹೋಗುತ್ತದೆ. ನನ್ನನ್ನು ಕೇಳಿದರೆ ಇದು ಹ್ಯಾಂಗ್ ಆಗುವುದಕ್ಕಿಂತ ಕೆಟ್ಟದ್ದು.

ಆಗ ಇನ್ನೊಬ್ಬಳು ಹೇಳುತ್ತಾಳೆ: "ಹಾಗಾದ್ರೆ ವೈಲ್‌ನಲ್ಲೇ 365 ತೆಗೆದು 366 ಮಾಡೋಣ." ಈಗ ಡಿಸೆಂಬರ್ 31 ಚೆನ್ನಾಗಿ ಬರುತ್ತದೆ. ಆದರೆ 2008ರ ಜನವರಿ 1 ಹಾಕಿ ನೋಡಿ, ಅಂಕಿ 10,228. ಲೂಪ್ 2007ಕ್ಕೆ ಬಂದಾಗ 366 ದಿನ ಉಳಿದಿರುತ್ತದೆ. 366 ಎನ್ನುವುದು 366ಕ್ಕಿಂತ ಜಾಸ್ತಿ ಅಲ್ಲ, ಲೂಪ್ ಅಲ್ಲೇ ನಿಲ್ಲುತ್ತದೆ. 2007ರ 366ನೇ ದಿನ! ಹನ್ನೆರಡು ತಿಂಗಳು ಕಳೆದರೂ ಒಂದು ದಿನ ಮಿಕ್ಕುತ್ತದೆ. ಉತ್ತರ 2007ರ 13ನೇ ತಿಂಗಳ 1ನೇ ತಾರೀಖು. ಮೊದಲು ನಾಲ್ಕು ವರ್ಷಕ್ಕೊಮ್ಮೆ ಬರುತ್ತಿದ್ದ ತೊಂದರೆ ಈಗ ಸಾಮಾನ್ಯ ವರ್ಷ ಮುಗಿದ ಪ್ರತಿ ಹೊಸ ವರ್ಷಕ್ಕೂ ಬರುತ್ತದೆ.

ಒಂದು ಗುರುತು, ಒಂದು ಅಂಕಿ ತಿದ್ದಿದರೆ ಸರಿಹೋಗುವುದಿಲ್ಲ ಎಂದು ಇಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿರುತ್ತದೆ. ಕಾಣೆಯಾದ ದಾರಿಯನ್ನು ಬರೆಯಬೇಕು. ಅತಿ ಚಿಕ್ಕ ತಿದ್ದುಪಡಿ: ಒಳಗಿನ ಇಫ್‌ಗೆ ಒಂದು ಎಲ್ಸ್ ಹಾಕಿ, ಅದರಲ್ಲಿ ಬ್ರೇಕ್ ಬರೆಯುವುದು. 366ನೇ ದಿನ ಅಂದರೆ ವರ್ಷ ಸಿಕ್ಕಿತು, ಲೂಪ್‌ನಿಂದ ಹೊರಗೆ ಬಾ ಎಂದು ಅರ್ಥ. ಉತ್ತರ 2008ರ ಡಿಸೆಂಬರ್ 31. ಸರಿ.

ಬ್ರೇಕ್ ಬಗ್ಗೆ ಒಂದು ಎಚ್ಚರಿಕೆ. ಸಿ ಭಾಷೆಯಲ್ಲಿ ಬ್ರೇಕ್ ಇಫ್‌ನಿಂದ ಹೊರಗೆ ತರುವುದಿಲ್ಲ. ಸುತ್ತ ಇರುವ ಹತ್ತಿರದ ಲೂಪ್ ಅಥವಾ ಸ್ವಿಚ್‌ನಿಂದ (ಹಲವು ಕವಲುಗಳಲ್ಲಿ ಒಂದನ್ನು ಆರಿಸುವ ರಚನೆ) ಹೊರಗೆ ತರುತ್ತದೆ. ಇಲ್ಲಿ ನಮಗೆ ಬೇಕಿದ್ದದ್ದೂ ಅದೇ. ಆದರೆ 1990ರ ಜನವರಿ 15ರಂದು ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿಯ ದೂರದ ಕರೆಗಳ ಜಾಲ ಸುಮಾರು ಒಂಬತ್ತು ಗಂಟೆ ಕುಸಿದದ್ದು ಇದೇ ವಿಷಯದಲ್ಲಿ. ಕರೆಗಳನ್ನು ಜೋಡಿಸುವ ಅವರ 114 ಸ್ವಿಚಿಂಗ್ ಕೇಂದ್ರಗಳಲ್ಲಿದ್ದ ಕೋಡ್‌ನಲ್ಲಿ ಸ್ವಿಚ್ ಒಳಗೆ ಇಫ್, ಅದರೊಳಗೆ ಬ್ರೇಕ್ ಇತ್ತು. ಅದು ಹೋದದ್ದು ಸ್ವಿಚ್‌ನಿಂದಲೇ ಹೊರಗೆ. ಒಂದು ಕೇಂದ್ರ ಬಿದ್ದು ಎದ್ದು ನಾನು ಬಂದೆ ಎಂದು ಸುದ್ದಿ ಕಳಿಸಿದರೆ ಪಕ್ಕದ ಕೇಂದ್ರ ಬೀಳುತ್ತಿತ್ತು.

ನನಗೆ ಬ್ರೇಕ್‌ಗಿಂತ ಇಷ್ಟವಾಗುವ ತಿದ್ದುಪಡಿ ಬೇರೆ. ಜಗಳದ ಮೂಲವನ್ನೇ ತೆಗೆಯುವುದು. ವರ್ಷದಲ್ಲಿ ಎಷ್ಟು ದಿನ ಎಂಬ ಪ್ರಶ್ನೆಯನ್ನು ಒಂದೇ ಕಡೆ ಕೇಳುವುದು:

    ವರ್ಷ = 1980

    ವೈಲ್ (ದಿನ > ವರ್ಷದದಿನಗಳು(ವರ್ಷ))
    {
        ದಿನ = ದಿನ - ವರ್ಷದದಿನಗಳು(ವರ್ಷ)
        ವರ್ಷ = ವರ್ಷ + 1
    }

ವರ್ಷದದಿನಗಳು ಎಂಬ ಪುಟ್ಟ ಫಂಕ್ಷನ್ ಅಧಿಕ ವರ್ಷಕ್ಕೆ 366, ಇಲ್ಲದಿದ್ದರೆ 365 ಕೊಡುತ್ತದೆ. ಅದರಲ್ಲಿ ಒಂದು ಇಫ್, ಒಂದು ಎಲ್ಸ್, ಎರಡೂ ದಾರಿಯಲ್ಲಿ ಒಂದು ಅಂಕಿ. ಲೂಪ್ ಒಳಗೆ ಈಗ ಇಫ್ ಇಲ್ಲವೇ ಇಲ್ಲ. ಒಳಗೆ ಬಂದ ಪ್ರತಿ ಸಲವೂ ದಿನ ಕಡಿಮೆಯಾಗುತ್ತದೆ, ಹಾಗಾಗಿ ಲೂಪ್ ಮುಗಿಯಲೇಬೇಕು. ಹೋಲಿಸುವ ಅಂಕಿ, ಕಳೆಯುವ ಅಂಕಿ ಎರಡೂ ಒಂದೇ, ಹಾಗಾಗಿ ಸೊನ್ನೆ ಬರಲು ಸಾಧ್ಯವಿಲ್ಲ. ಕವಲುಗಳನ್ನು ಒಂದರೊಳಗೊಂದು ಕೂರಿಸುವ ಮೊದಲು, ಇದನ್ನು ಒಂದು ಅಂಕಿಯಾಗಿ ಮಾಡಿ ಹೊರಗೆ ತೆಗೆಯಬಹುದಾ ಎಂದು ನೋಡುವುದು ಒಳ್ಳೆಯ ಅಭ್ಯಾಸ. ಎಷ್ಟೋ ಕಡೆ ಆಗುತ್ತದೆ.

ಯಾರಿಗೂ ಯಾಕೆ ಕಾಣಲಿಲ್ಲ

ಝೂನ್ 30 ಬಂದದ್ದು 2006ರ ಕೊನೆಯಲ್ಲಿ. ಅದು ಜನರ ಕೈಗೆ ಬಂದ ಮೇಲೆ ಬಂದ ಮೊದಲ ಅಧಿಕ ವರ್ಷ 2008. ಫೆಬ್ರವರಿ 29 ಸಲೀಸಾಗಿ ದಾಟಿತು. ಅಧಿಕ ವರ್ಷದ ಪರೀಕ್ಷೆ ಎಂದರೆ ಎಲ್ಲರೂ ಆ ದಿನವನ್ನೇ ನೋಡುತ್ತಾರೆ. ಆದರೆ ಈ ಕೋಡ್‌ಗೆ ಫೆಬ್ರವರಿ 29 ವಿಶೇಷ ದಿನವೇ ಅಲ್ಲ, ಅದು ಬರೀ 60ನೇ ದಿನ. ಇಲ್ಲಿ ಗಡಿ ಇರುವುದು ವರ್ಷದ ಕೊನೆಯಲ್ಲಿ.

ಇನ್ನೊಂದು ಕಾರಣ ಪರೀಕ್ಷೆಯನ್ನು ಅಳೆಯುವ ರೀತಿ. ಎಷ್ಟು ಸಾಲು ಓಡಿತು ಎಂದು ಲೆಕ್ಕ ಹಾಕಿದರೆ, 2009ರ ಜನವರಿ 1 ಎಂಬ ಒಂದೇ ಪರೀಕ್ಷೆ ಸಾಕು. ಈ ಲೂಪ್‌ನ ಎಲ್ಲ ಸಾಲುಗಳೂ ಓಡುತ್ತವೆ, ನೂರಕ್ಕೆ ನೂರು. ತಪ್ಪಿದ್ದದ್ದು ಬರೆದ ಸಾಲಿನಲ್ಲಿ ಅಲ್ಲವಲ್ಲ. ಎಷ್ಟು ಕವಲು ಹಿಡಿದೆವು ಎಂದು ಲೆಕ್ಕ ಹಾಕಿದರೆ ಮಾತ್ರ ಕೊರತೆ ಕಾಣುತ್ತದೆ: ಒಳಗಿನ ಇಫ್ ಯಾವತ್ತೂ ಸುಳ್ಳಾಗಿಲ್ಲ ಎಂದು ಬರುತ್ತದೆ. ಜಿಸಿಸಿ ಎಂಬ ಸಿ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಪ್ರೋಗ್ರಾಂ) ಜೊತೆ ಬರುವ ಜಿಕೋವ್‌ನಂಥ ಉಪಕರಣ ಈ ಎರಡು ಲೆಕ್ಕಗಳನ್ನೂ ಬೇರೆ ಬೇರೆ ಕೊಡುತ್ತದೆ. ಎರಡನೆಯದನ್ನು ನೋಡುವವರು ಕಡಿಮೆ. ನೋಡಿದ್ದರೆ, ಆ ಇಫ್ ಅನ್ನು ಸುಳ್ಳು ಮಾಡುವ ಅಂಕಿ ಯಾವುದು ಎಂದು ಹುಡುಕಬೇಕಾಗುತ್ತಿತ್ತು. ಹುಡುಕಿದರೆ ಸಿಗುವುದು 366 ಒಂದೇ.

ಭಾಷೆ ಸಹಾಯ ಮಾಡುತ್ತಿತ್ತಾ? ಸಿ ಕಂಪೈಲರ್ ಇಲ್ಲಿ ತುಟಿ ಬಿಚ್ಚುವುದಿಲ್ಲ, ಎಲ್ಸ್ ಇಲ್ಲದ ಇಫ್ ಅಲ್ಲಿ ಪೂರ್ತಿ ಕಾನೂನುಬದ್ಧ. ವಾಹನಗಳಂಥ ಕಡೆ ಬಳಸುವ ಮಿಸ್ರಾ ಸಿ 2012 ನಿಯಮಗಳಲ್ಲಿ 15.7 ಎಂಬುದೊಂದಿದೆ: ಎಲ್ಸ್ ಇಫ್ ಸರಪಳಿಯ ಕೊನೆಗೆ ಎಲ್ಸ್ ಇರಲೇಬೇಕು. ಒಳ್ಳೆಯ ನಿಯಮ, ಆದರೆ ಇಲ್ಲಿ ಇರುವುದು ಸರಪಳಿ ಅಲ್ಲ, ಒಂಟಿ ಇಫ್. ನಿಯಮ ಮುಟ್ಟುವುದೇ ಇಲ್ಲ. ರಸ್ಟ್ ಭಾಷೆಯಲ್ಲೂ ಇದನ್ನು ಇಫ್‌ನಲ್ಲೇ ಬರೆದರೆ ಕಂಪೈಲರ್ ಬಿಟ್ಟುಬಿಡುತ್ತದೆ. ಎಲ್ಲ ಸಾಧ್ಯತೆಗಳನ್ನೂ ಪಟ್ಟಿ ಮಾಡಿಸುವ ಮ್ಯಾಚ್ ಬಳಸಿ, ಅಧಿಕವೋ ಅಲ್ಲವೋ ಎಂಬುದನ್ನೂ ದಿನವನ್ನೂ ಜೋಡಿಯಾಗಿ ಇಟ್ಟು ಬರೆದಿದ್ದರೆ, ಎಲ್ಲ ಸಾಧ್ಯತೆ ಬಂದಿಲ್ಲ ಎಂದು ಕಂಪೈಲ್ ಮಾಡಲು ಒಪ್ಪುತ್ತಿರಲಿಲ್ಲ. ಅಂದರೆ ಸೌಲಭ್ಯ ಇರುವ ಭಾಷೆಯಲ್ಲೂ ಅದನ್ನು ನಾವಾಗಿ ಆರಿಸಿಕೊಳ್ಳಬೇಕು.

ಝೂನ್‌ನ ಬಗ್‌ಗೆ ಇನ್ನೊಂದು ತಾರೀಖು ಕಾದಿತ್ತು: 2012ರ ಡಿಸೆಂಬರ್ 31, ಅಂಕಿ 12,054. ಕೋಡ್ ತಿದ್ದದೆ ಬಿಟ್ಟ ಪ್ಲೇಯರ್ ಅವತ್ತೂ ಹೀಗೇ ನಿಲ್ಲಬೇಕು. ಅಷ್ಟರಲ್ಲಿ, 2011ರಲ್ಲೇ, ಮೈಕ್ರೋಸಾಫ್ಟ್ ಝೂನ್ ಪ್ಲೇಯರ್‌ಗಳನ್ನು ಮಾಡುವುದನ್ನು ನಿಲ್ಲಿಸಿತ್ತು.

ಈ ಕೋಡ್‌ಗೆ ನಾನು ಬರೆಯುವ ಪರೀಕ್ಷೆ

ಗಡಿಯ ಅಂಕಿಗಳನ್ನು ಆರಿಸಿ ಪರೀಕ್ಷೆ ಮಾಡಿ ಎಂದು ಎಲ್ಲ ಪಠ್ಯದಲ್ಲೂ ಇದೆ. ಇಲ್ಲಿ ಅದು 365, 366, 367, ಅಧಿಕ ವರ್ಷಕ್ಕೂ ಸಾಮಾನ್ಯ ವರ್ಷಕ್ಕೂ. ಆರು ಪರೀಕ್ಷೆ. ಮಾಡಲೇಬೇಕು. ಆದರೆ ಈ ಪ್ರಕರಣದಲ್ಲಿ ಅದಕ್ಕಿಂತ ಸುಲಭದ ದಾರಿಯಿದೆ, ಗಡಿ ಎಲ್ಲಿದೆ ಎಂದು ಊಹಿಸುವ ಜಾಣತನವೂ ಬೇಡ. ಎಲ್ಲ ದಿನಗಳನ್ನೂ ಓಡಿಸಿಬಿಡುವುದು. 1980ರಿಂದ 2079ರವರೆಗೆ ನೂರು ವರ್ಷ, 36,525 ದಿನ. ಕಂಪ್ಯೂಟರ್‌ಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. 1ರಿಂದ 36,525ರವರೆಗೆ ಒಂದೊಂದು ಅಂಕಿ ಕೊಟ್ಟು ತಾರೀಖು ಕೇಳಬೇಕು. ಮೂರು ಸಂಗತಿ ನೋಡಬೇಕು: ಉತ್ತರ ಬಂತಾ, ತಾರೀಖು 1ಕ್ಕಿಂತ ಕಡಿಮೆಯಾಗಲಿ ತಿಂಗಳು 12ಕ್ಕಿಂತ ಜಾಸ್ತಿಯಾಗಲಿ ಇದೆಯಾ, ಹಿಂದಿನ ದಿನದ ತಾರೀಖಿಗೆ ಸರಿಯಾದ ಮುಂದಿನ ತಾರೀಖು ಬಂತಾ. ಎರಡನೆಯದು ಜನವರಿ 0 ಮತ್ತು 13ನೇ ತಿಂಗಳನ್ನು ಹಿಡಿಯುತ್ತದೆ. ಮೊದಲನೆಯದು ಮೂಲ ಬಗ್ ಅನ್ನು ಹಿಡಿಯುತ್ತದೆ, ಅದೂ ಎಷ್ಟು ಬೇಗ ಅಂದರೆ 2008ರವರೆಗೆ ಹೋಗಬೇಕಾಗಿಯೇ ಇಲ್ಲ. 1980 ಕೂಡ ಅಧಿಕ ವರ್ಷವೇ. 1ರಿಂದ ಎಣಿಸುತ್ತಾ ಹೊರಟ ಪರೀಕ್ಷೆ 366ನೇ ಅಂಕಿಗೆ, 1980ರ ಡಿಸೆಂಬರ್ 31ಕ್ಕೇ, ನಿಂತುಬಿಡುತ್ತದೆ.